ನೂರೆಂಬತ್ತು ಗ್ರಾಂ

ಬಾಲಾಟನ್ ಸರೋವರದ ಬಡಗಣ ದಂಡೆಯಲ್ಲಿ, ಅಲ್ಮಾಡಿಯಲ್ಲಿ
ನನ್ನದೊಂದು ತಗಡಿನ ಶೆಡ್ಡು.
ಅಪ್ಪನ ಕಾಲಕ್ಕೆ ಇಲ್ಲಿ ಓಕ್ ಮರದ ದೋಣಿಗಳು ಮಲಗುತ್ತಿದ್ದವು
ಚಳಿಗಾಲವಿಡೀ, ಬಾಣಂತಿಯರ ಹಾಗೆ,
ಬೆಚ್ಚಗೆ ಟಾರು ಹಚ್ಚಿಸಿಕೊಂಡು.
ಈಗ ಬರುವುದು ಹಲಗೆಗಳು.
ಹದಿನಾಲ್ಕಡಿ ಉದ್ದ, ಇಪ್ಪತ್ತಮೂರು ಇಂಚು ಅಗಲ,
ಒಳಗೆ ಫೋಮು, ಹೊರಗೆ ಕಾರ್ಬನ್ನಿನ ಪೊರೆ.
ಮೊಟ್ಟೆ, ಇನ್ನೇನಲ್ಲ.
ಮೊಟ್ಟೆಯ ಮೇಲೆ ನಿಂತು ಪಂದ್ಯಕ್ಕೆ ಹೋಗುತ್ತಾರೆ.

ಎಮೋಕೆ ಬಂದದ್ದು ಮೇ ತಿಂಗಳ ಒಂದು ಮಂಗಳವಾರ.
ಹಲಗೆಯ ಬಣ್ಣವನ್ನೆಲ್ಲ ತಾನೇ ಉಜ್ಜಿ ತೆಗೆದಿದ್ದಳು,
ಉಗುರಿನ ಸಂದಿಯಲ್ಲಿ ಇನ್ನೂ ನೀಲಿ.
'ಬಣ್ಣ ಅಂದರೆ ಮುನ್ನೂರು ಗ್ರಾಂ, ಪಿರೋಶ್ಕ ನೇನಿ.
ಬಣ್ಣ ಬೇಕಾಗಿರೋದು ದಡದಲ್ಲಿ ನಿಂತವರಿಗೆ.'

ಎಡ ಅಂಚಿನಲ್ಲಿ ಹದಿನೇಳು ಗಾಯ ಎಣಿಸಿದೆ.
ಕಲ್ಲು ತಾಗಿದ್ದಲ್ಲ, ಕಟ್ಟೆ ತಾಗಿದ್ದಲ್ಲ,
ತನ್ನದೇ ಹುಟ್ಟಿನ ಏಟು.
(ಯಾರಿಗೆ ತಪ್ಪಿದೆ ಹೇಳಿ, ತಮ್ಮ ಹುಟ್ಟಿನ ಏಟು?)
ನಿಲ್ಲುವ ಜಾಗದಲ್ಲಿ ಎರಡು ಗುಳಿ, ಹಿಮ್ಮಡಿಯ ಅಚ್ಚು.
ಹೆಬ್ಬೆರಳು ಒತ್ತಿದರೆ ಪುಸಕ್ಕೆನ್ನುತ್ತಿತ್ತು.

'ನೀರು ಒಳಗೆ ಹೋಗದಿದ್ದರೆ ಸಾಕು.
ಒಂದು ಪದರ, ಒಂದೇ ಒಂದು ಪದರ ಕೂಡ ಹೆಚ್ಚು ಬೇಡ.'
ಆಗಲಿ ಅಂದೆ.
ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ:
ಹತ್ತು ಕಿಲೋ ನಾನೂರ ಇಪ್ಪತ್ತು.

ಹೊರಗೆ ಚರಣಿಗೆಯಲ್ಲಿ ಬಾಡಿಗೆಯ ಹಳದಿ ಹಲಗೆಗಳು ಹನ್ನೆರಡು.
ಪ್ಲಾಸ್ಟಿಕ್ಕು, ಒಂದೊಂದೂ ಇಪ್ಪತ್ತು ಕಿಲೋ.
ಮಕ್ಕಳು ಸಿಮೆಂಟಿನ ಮೇಲೆ ದರದರ ಎಳೆಯುತ್ತಾರೆ,
ನಾಯಿ ಹತ್ತುತ್ತದೆ, ಬಿಯರು ಚೆಲ್ಲುತ್ತದೆ,
ಲಾಂಗೋಶ್ ತಿಂದ ಎಣ್ಣೆಗೈಯನ್ನು ಅದಕ್ಕೇ ಒರೆಸುತ್ತಾರೆ.
ಹತ್ತು ಬೇಸಿಗೆ ಕಂಡಿವೆ, ಒಂದೂ ಸತ್ತಿಲ್ಲ.
ಎಮ್ಮೆ ನೀರಿಗಿಳಿದಂತೆ ಇಳಿಯುತ್ತವೆ,
ಎಮ್ಮೆ ಮೇಲೆದ್ದಂತೆ ಮೇಲೇಳುತ್ತವೆ, ಸಂಜೆಗೆ.
ಅವುಗಳ ತೂಕ ನಾನು ಯಾವತ್ತೂ ಬರೆದಿಟ್ಟಿಲ್ಲ.

ಆ ರಾತ್ರಿ ಬಿರುಗಾಳಿಯ ದೀಪ ಮಿಟುಕುತ್ತಿತ್ತು,
ನಿಮಿಷಕ್ಕೆ ನಲವತ್ತೈದು ಸಲ, ಎಚ್ಚರ, ಎಚ್ಚರ.
ನಡುನೀರಿನಲ್ಲಿ ಹಲಗೆ ಮುರಿಯುವುದನ್ನು ನಾನೊಮ್ಮೆ ಕೇಳಿದ್ದೇನೆ.
ದೊಡ್ಡ ಸದ್ದೇನಲ್ಲ,
ಒಣಗಿದ ಬ್ರೆಡ್ಡಿನ ಅಂಚು ಮುರಿದಷ್ಟೇ.
ಹುಡುಗ ಬದುಕಿದ. ಸದ್ದು ನನ್ನ ಕಿವಿಯಲ್ಲೇ ಉಳಿಯಿತು.

ಗಾಜಿನ ಬಟ್ಟೆಯ ಒಂದು ತುಂಡು ಕತ್ತರಿಸಿದೆ,
ಕಳ್ಳಿಯಂತೆ, ನನ್ನದೇ ಶೆಡ್ಡಿನಲ್ಲಿ.
ಹಿಮ್ಮಡಿಗುಳಿಯ ಮೇಲೆ ಹಾಸಿ, ಅಂಟು ಉಣಿಸಿ,
ಬೆಳಗಿನವರೆಗೂ ಉಜ್ಜಿದೆ ಕಣ್ಣಿಗೆ ಕಾಣದ ಹಾಗೆ.
ಮತ್ತೆ ತೂಗಿದೆ. ನೂರೆಂಬತ್ತು ಗ್ರಾಂ ಹೆಚ್ಚು.
ಒಂದು ಸೇಬು.
ಅದನ್ನು ಗೋಡೆಗೆ ಹೇಳಲಿಲ್ಲ.

ಆಗಸ್ಟಿನ ಪಂದ್ಯ.
ನಮ್ಮ ನೀರು ಆಳವಿಲ್ಲದ್ದು, ಗಾಳಿಯೆದ್ದರೆ ಇಲ್ಲಿ
ಅಲೆ ಸಾಲಾಗಿ ಬರುವುದಿಲ್ಲ, ಗುದ್ದಾಗಿ ಬರುತ್ತದೆ.
ಎರಡು ಹಲಗೆ ಬಿರಿದವು, ಒಂದನ್ನು ದೋಣಿ ಎಳೆದು ತಂದಿತು.
ಎಮೋಕೆ ಮುಂದಿದ್ದಳು, ಕೊನೆಯ ಬೋಯೆಯವರೆಗೂ ಮುಂದಿದ್ದಳು,
ಆಮೇಲೆ ಸೆಗೆಡ್ ಊರಿನ ಹುಡುಗಿಯೊಬ್ಬಳು ಪಕ್ಕದಿಂದ ಹಾದು
ಗೆರೆ ದಾಟಿದಳು. ಮೊಳ. ಮೊಳಕ್ಕಿಂತ ಕಡಿಮೆಯೇ.
ಅಷ್ಟು ಹೊತ್ತಿಗೆ ದೀಪ ತೊಂಬತ್ತಕ್ಕೆ ಏರಿತ್ತು.

ಒದ್ದೆ ಕೂದಲಲ್ಲೇ ಶೆಡ್ಡಿಗೆ ಬಂದಳು.
'ನೋಡಿ, ಒಂದು ಬಿರುಕಿಲ್ಲ.'
ನಗುತ್ತಿದ್ದಳೋ, ಹಲ್ಲು ಕಡಿಯುತ್ತಿದ್ದಳೋ, ತಿಳಿಯಲಿಲ್ಲ.
ಟವೆಲಿನಿಂದ ಹಲಗೆಯನ್ನು ಒರೆಸಿದಳು, ಮಗುವಿನ ಬೆನ್ನು ಒರೆಸಿದಂತೆ,
ಗುಳಿಯಲ್ಲಿ ಟವೆಲಿನ ತುದಿ ಒತ್ತಿ ಒತ್ತಿ
(ನನ್ನ ಪದರದ ಮೇಲೂ ಆಗಲೇ ಹಿಮ್ಮಡಿ ಮೂಡತೊಡಗಿತ್ತು)
ಆಮೇಲೆ ತಾನೇ ಎತ್ತಿ ತಕ್ಕಡಿಗೆ ತೂಗುಹಾಕಿದಳು.

ನಾನು ಅಂಟಿನ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದೆ.
ಮುಚ್ಚಳ ಡಬ್ಬಿಯ ಮೇಲೇ ಇತ್ತು.

ಸೀಮೆಸುಣ್ಣ ಎತ್ತಿಕೊಂಡಳು.
ನನ್ನ ಹಳೆಯ ಅಂಕಿಯ ಕೆಳಗೆ, ಅಂಕಿಗೆ ಅಂಕಿ ನೇರವಾಗಿ,
ಬರೆದಳು: ಹತ್ತು ಕಿಲೋ ಆರುನೂರು.
ಕಳೆಯುವ ಗೆರೆ ಎಳೆಯಲಿಲ್ಲ.
'ಅಂಚಿನ ಗಾಯ ಮತ್ತೆ ಎದ್ದಿದೆ, ಶುಕ್ರವಾರ ಬರ್ತೀನಿ' ಅಂದು
ಹಲಗೆಯನ್ನು ನನ್ನಲ್ಲೇ ಬಿಟ್ಟು
ಸೈಕಲ್ ಹತ್ತಿದಳು.