ಆರು ತೂತು

ಜಾಹೀರಾತು ಬರೆಯಲು ಕೂತರೆ
‘ಥರ’ ಎಂಬ ಪದದ ಹತ್ತಿರ ಪೆನ್ನು ನಿಲ್ಲುತ್ತದೆ.
ಐವತ್ತಮೂರರ ಬ್ಯೂಯಿಕ್, ಮಡಚುವ ಹುಡ್ಡು,
ಸ್ಕೈಲಾರ್ಕ್ ಥರ.
ಥರ ತೆಗೆದರೆ ಬೆಲೆ ಮೂರು ಪಟ್ಟು.
ಇಟ್ಟರೆ, ಗೋಡೆಯ ಫೋಟೋದಿಂದ ಬಿದ್ದಪ್ಪ ಮಾವ
ನನ್ನನ್ನೇ ನೋಡುತ್ತಾನೆ.

ಅವನು ಒಮ್ಮೆಯೂ ‘ಥರ’ ಅಂದವನಲ್ಲ.
ಟೈರಿನ ಏಜೆಂಟ್ ಮರೆತುಹೋದ ಪತ್ರಿಕೆಯಲ್ಲಿ
ಒಂದು ಪುಟದ ಚಿತ್ರ ನೋಡಿದ, ಅಷ್ಟೆ.
ಲೋಕಕ್ಕೆಲ್ಲ ಸೇರಿ ಸಾವಿರದ ಆರುನೂರ ಚಿಲ್ಲರೆಯಂತೆ;
ಅಮ್ಮತ್ತಿಗೊಂದು ಯಾಕೆ ಬರಬಾರದು?
ಕೊಚ್ಚಿಯಿಂದ ತಂದ ಸಾದಾ ಬ್ಯೂಯಿಕ್ಕನ್ನು
ಏಳು ಬೇಸಿಗೆ ಕೊಯ್ದ, ಬೆಸೆದ, ಉಜ್ಜಿದ.
ಬಾಗಿಲನ್ನು ಮೊಣಕೈ ಊರುವಷ್ಟು ತಗ್ಗಿಸಿದ.
ಜಾವಾ ಬೈಕಿನ ಕಡ್ಡಿಗಳನ್ನು ಚಕ್ರದ ಮುಚ್ಚಳಕ್ಕೆ
ಸೂರ್ಯನ ಹಾಗೆ ಹೊಂದಿಸಿದ.
ಬಣ್ಣ ಕಿತ್ತಳೆ ಎಂದ ಅವನು, ಕೆಂಪು ಎಂದಳು ಅತ್ತೆ;
ಡಬ್ಬಿಗಳು ಬೆರೆತು
ಎರಡೂ ಅಲ್ಲದ್ದೊಂದು ಬಂತು.

ಉಳಿದದ್ದು ತೂತು.
ಆ ಹಕ್ಕಿ ಹೆಸರಿನ ಗಾಡಿಯ ಪಕ್ಕೆ ನುಣ್ಣಗೆ.
ಇದಕ್ಕೋ ಎಡಕ್ಕೆ ಮೂರು, ಬಲಕ್ಕೆ ಮೂರು,
ಹುಟ್ಟಿದಾಗಿನಿಂದ.
ವೆಲ್ಡಿಂಗಿಗೆ ತಗಡು ಸೊಟ್ಟಗಾಯಿತು.
ಕಡೆಗೆ, ಹಿತ್ತಲಲ್ಲಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದ
ಅದ್ರಾಮ ಕಾಕನನ್ನು
ಚೆಂಬಿನ ಮುಂದಿನಿಂದ ಎಬ್ಬಿಸಿ ಕರೆತಂದ.
ತಿದಿ, ಇದ್ದಿಲು, ನವಸಾಗರದ ಹೊಗೆ.
ತವರ ಕರಗಿ
ಒಂದೊಂದಾಗಿ ಕಣ್ಣು ಮುಚ್ಚಿತು.

ಆಮೇಲೆ ಯಾರ ಮದುವೆಗೂ ಅದೇ.
ಕುಪ್ಯ ತೊಟ್ಟ ಮದುಮಗ
ಹಿಂದಿನ ಸೀಟಿನಲ್ಲಿ ನಿಂತೇ ಬರುತ್ತಿದ್ದ.
ಕೊಯ್ದ ಬಾಗಿಲಿಗೂ ಹುಡ್ಡಿಗೂ
ಮತ್ತೆ ನಾಲ್ಕು ಬೆರಳು ಕೂಡಿಬರಲಿಲ್ಲ.
ಆರು ತಿಂಗಳು ಮಳೆ ಹೊಯ್ಯುವ ಊರಲ್ಲಿ
ಮುದ್ದವ್ವ ಅತ್ತೆ ಕಾರಿನೊಳಗೆ ಕೊಡೆ ಬಿಚ್ಚಿ ಕೂತು
ಸಿದ್ದಾಪುರದ ಸಂತೆಗೆ ಹೋದದ್ದುಂಟು.

ಈಗ ಶೆಡ್ಡು ಬೇಕು, ಮೆಣಸು ಒಣಗಿಸುವ ಯಂತ್ರಕ್ಕೆ.

ಮಂಗಳೂರಿನಿಂದ ಮಿನೇಜಸ್ ಬಂದರು,
ಹೂಮಳೆಗೆ ಎಲ್ಲರೂ ಮೋಡ ನೋಡುವ ವಾರದಲ್ಲಿ.
ಮಾತಿಲ್ಲ. ಜೇಬಿನಿಂದ ಅಯಸ್ಕಾಂತ ತೆಗೆದರು,
ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥದ್ದು, ಮಾವಿನಹಣ್ಣಿನ ಆಕಾರ.
ಮಡ್ಗಾರ್ಡಿನ ಗುಂಟ ನಡೆಸಿದರು.
ಕಚ್ಚಿತು. ಕಚ್ಚಿತು.
ಬಿತ್ತು.
ಬಗ್ಗಿ ಎತ್ತಿಕೊಂಡರು. ಇನ್ನೊಮ್ಮೆ ಬಿತ್ತು.
ಮೂರನೆಯದಕ್ಕೆ ನನಗೇ ತಡೆಯಲಿಲ್ಲ:
ಆ ಕಡೆಯೂ ಮೂರಿವೆ ಸಾರ್.

ತೂತಿಗೆ ಹತ್ತು ಸಾವಿರದಂತೆ ಇಳಿಸಿದರು.
ಆರನೆಯದಕ್ಕೆ ನಾನು ಒಪ್ಪಲಿಲ್ಲ.
ಐದಕ್ಕೆ ನಿಂತಿತು.

ಅಸಲಿ ಗಾಡಿಯ ಸ್ಟೀರಿಂಗಿನ ನಡುವೆ
ಕೊಂಡವನ ಹೆಸರು ಕೆತ್ತಿರುತ್ತದಂತೆ.
ಇದರಲ್ಲೂ ಇದೆ, ವಿರಾಜಪೇಟೆಯ ಅಕ್ಕಸಾಲಿಯ ಕೈ,
ಕನ್ನಡದಲ್ಲಿ; ಜಾಗ ಸಾಲದೆ
ಕೊನೆಯ ಪ-ಒತ್ತು ಅಂಚಿನಿಂದ ಜಾರಿದೆ.
‘ಬಿಚ್ಚಿ ಇಟ್ಟುಕೊಳ್ತೀರಾ?’ ಅಂದರು.
ಮನೆಯ ಸ್ಕ್ರೂಡ್ರೈವರುಗಳೆಲ್ಲ ದೊಡ್ಡವಾದವು.
ಹೆಸರೂ ಗಾಡಿಯ ಜೊತೆ ಲಾರಿ ಹತ್ತಿ
ಸಂಪಾಜೆ ಘಾಟಿ ಇಳಿಯಿತು.
ರಶೀದಿಯಲ್ಲಿ ‘ಥರ’ ಎಂದು ಬರೆದಿದ್ದೇನೆ, ಅಡಿಗೆರೆ ಹಾಕಿ.

ಭಾನುವಾರ ಸಿದ್ದಾಪುರಕ್ಕೆ ಹೋದೆ.
ಮಗಳ ಅಂಗಡಿಯ ಮುಂದೆ ಸ್ಟೂಲಿನಲ್ಲಿ ಅದ್ರಾಮ ಕಾಕ,
ಎರಡೂ ಕಣ್ಣಿಗೆ ಪೊರೆ.
ಗಾಡಿ ಹೋಯಿತು ಕಾಕ, ಎಂದೆ.
ಎಷ್ಟಕ್ಕೆ ಎಂದು ಕೇಳಲಿಲ್ಲ.
ತಪ್ಪು ಒಪ್ಪಿಕೊಳ್ಳುವವಳ ಹಾಗೆ
ಅಯಸ್ಕಾಂತದ ಕತೆ ಹೇಳಿದೆ.

‘ಒಂದು ಕಡೆಯೂ ಹಿಡೀಲಿಲ್ವಾ?’
‘ಇಲ್ಲ. ಆರೂ ಕಡೆ ಬಿತ್ತು.’

ಬೆರಳು ಮಡಚಿ ಮಡಚಿ ಏನೋ ಎಣಿಸಿದ.
‘ನಲವತ್ತೇಳು ಮಳೆಗಾಲ,’ ಅಂದ,
‘ಇನ್ನೂ ತವರವೇ ಇದೆ,’
ಮತ್ತೆ ಒಳಗೆ ಮಗಳಿಗೆ ಕೂಗಿದ,
ಇವಳಿಗೊಂದು ಚಾ ಕೊಡು, ಸಕ್ಕರೆ ಜಾಸ್ತಿ.