ವಯರು ಎರಡು

ಹಂಪನಕಟ್ಟೆಯಲ್ಲಿ, ಮೆಟ್ಟಿಲಡಿಯ ಅಂಗಡಿಯಲ್ಲಿ
ಉನೈಸ್ ಮೂರು ವಯರು ಹರವಿದ
ಬಂಗುಡೆ ಹರವಿದ ಹಾಗೆ.
"ಎಂತ ಬೇಕು ಮೇಡಂ ನಿಮಗೆ? ಸ್ಪೀಡಾ?
ಅಲ್ಲ, ಎಲ್ಲ ಕಡೆ ಹೋಗುವಂಥದ್ದಾ?"
ಎರಡೂ ಬೇಕು ಅಂದೆ.
ಎರಡೂ ಉಂಟು ಅಂದ. ರೇಟು ಹೇಳಿದ.
ನಾನು ಫ್ಯಾನು ನೋಡಿದೆ.

ಒಂದು, ನೀಲಿ ನಾಲಗೆಯದ್ದು, ಡ್ರೈವಿನ ತುದಿಯಲ್ಲಿ
ಎರಡು ಹಲ್ಲು ಅಂಟಿ ಹುಟ್ಟಿದ ಹಾಗೆ ಅಗಲ.
ಒಂದು, ಹೇಗೆ ಹಿಡಿದರೂ ಸರಿ,
ಬೆನ್ನಿಲ್ಲ, ಹೊಟ್ಟೆಯಿಲ್ಲ, ಮುನಿಸಿಲ್ಲ.
ಮೂರನೆಯದು ಗುಡುಗಿನ ಹೆಸರಿನದ್ದು,
ಮೂತಿ ಎರಡನೆಯದರದ್ದೇ, ಬೆಲೆ ಮಾತ್ರ ಬೇರೆ.

ನನಗೆ ವೇಗ ಬೇಡವೆಂದಲ್ಲ.
ಬೆಂದೂರಿನ ಹಾಲಿನಲ್ಲಿ
ಕೊನೆಯ ಸನ್ನ ತಟ್ಟೆಗೆ ಬೀಳುವುದರೊಳಗೆ
ಎರಡು ಕ್ಯಾಮೆರಾದ ಕಾರ್ಡು ಖಾಲಿಯಾಗಬೇಕು,
ಕೇಕಿನ ಮೇಜಿನಡಿ ಕೂತು
ಹಸಿರು ಪಟ್ಟಿ ತೆವಳುವುದನ್ನು ಕಾಯುವವಳು ನಾನು.
"ಹಾಗಂತ ಇದು ತಗೊಳ್ಬೇಡಿ," ಅಂದ ಅವನೇ,
"ಒಳಗೆ ತಿರುಗುವುದು ಅದೇ ತಟ್ಟೆ.
ರಸ್ತೆ ಅಗಲ ಮಾಡಿದ್ರೆ ಲಾರಿ ಓಡ್ತದಾ?"
ಮಾರುವವನ ಬಾಯಲ್ಲಿ ಇಂಥ ಮಾತು ಅಪರೂಪ.

ಸ್ಪೀಡೆಂದು ನಾನು ಹಿಂದೊಮ್ಮೆ ಬಿದ್ದದ್ದುಂಟು.
ಎರಡು ಸಾವಿರದ ಐದು. ಬೆಂಕಿಯ ಹೆಸರಿನ ವಯರು,
ಆರು ಪಿನ್ನು, ಒಂದು ಕಡೆ ಚೂಪು.
ಇನ್ನು ಮುಂದೆ ಎಲ್ಲ ಇದೇ, ಅಂದಿದ್ದರು.
ಆ ಡ್ರೈವು ಕಪಾಟಿನಲ್ಲಿ,
ಹುರಿದ ಕುಚ್ಚಲಕ್ಕಿಯ ಗಂಟಿನ ಪಕ್ಕ, ಹದಿನೆಂಟು ವರ್ಷ.
ನಮ್ಮ ಉಪ್ಪುಗಾಳಿ ಗೊತ್ತಲ್ಲ,
ಬಾಗಿಲ ಕೊಂಡಿಯನ್ನೇ ತಿನ್ನುತ್ತದೆ,
ಪಿನ್ನು ಯಾವ ಲೆಕ್ಕ.

ಹೋದ ತಿಂಗಳು ಬಂದರು ಅಕ್ಕತಂಗಿ,
ಸೆವ್ರಿನ್, ಎಮಿಲ್ಡಾ. ಬೇರೆ ಬೇರೆ ರಿಕ್ಷಾದಲ್ಲಿ.
ಒಂದು ಚಕ್ರಸರದ ವಿಷಯ.
ಮದುವೆಗೆ ಎರವಲು ಕೊಟ್ಟದ್ದೆಂದು ಅಕ್ಕ,
ಅಮ್ಮ ತನಗೇ ಹಾಕಿದ್ದೆಂದು ತಂಗಿ.
"ವೀಡಿಯೋ ನೋಡುವ. ಅದರಲ್ಲಿ ಇರ್ತದೆ."

ಡ್ರೈವು ಇತ್ತು. ಬಾಯಿ ಇತ್ತು.
ಅದಕ್ಕೆ ಹೊಂದುವ ಬಾಯಿ
ಇಡೀ ಊರಲ್ಲಿ ಇರಲಿಲ್ಲ.
ಕಂಕನಾಡಿ, ಬಲ್ಮಠ, ಸುರತ್ಕಲ್ಲಿನ ಒಬ್ಬ ಗುಜರಿಯವ.
ಕೊನೆಗೆ ಬಂದರಿನಲ್ಲಿ,
ಲೋಕಯ್ಯ ಗಟ್ಟಿಯವರ ಪ್ರೆಸ್ಸಿನಲ್ಲಿ,
ಮದುವೆ ಕಾಗದ ಜೋಡಿಸುವ ಹಳದಿಗಟ್ಟಿದ ಒಂದು ಮೆಷಿನು.
"ಆಫ್ ಮಾತ್ರ ಮಾಡಬೇಡಿ," ಅಂದರು ಗಟ್ಟಿಯವರು,
"ಮತ್ತೆ ಏಳುವ ಗ್ಯಾರಂಟಿ ಇಲ್ಲ."

ಎರೇಸರಿನಿಂದ ಪಿನ್ನು ಉಜ್ಜಿ ಚುಚ್ಚಿದೆ.
ಕರ್ರೆಂದಿತು. ತಿರುಗಿತು.
ಕಾಗದದ ಕಟ್ಟುಗಳ ಮೇಲೆ ಕೂತು
ಇಬ್ಬರೂ ಬಗ್ಗಿದರು.

ಹನ್ನೆರಡನೇ ನಿಮಿಷ.
ರೋಸಿನ ತೆಂಗಿನ ಹಾಲು ಹಣೆಯಿಂದಿಳಿದು
ಎಮಿಲ್ಡಾ ನಗುತ್ತಾಳೆ. ಚಕ್ರಸರ ಹೊಳೆಯುತ್ತದೆ.
ಹಿಂದೆ, ಅರ್ಧ ಕಂಬದ ಮರೆಯಲ್ಲಿ ಸೆವ್ರಿನ್.
ಅವಳ ಕೈ ತನ್ನ ಬರಿಗೊರಳಿಗೆ ಹೋಗುತ್ತದೆ,
ಏನನ್ನೋ ತಡವಿ, ಸಿಗದೆ,
ಸೀರೆಯ ಸೆರಗು ಸರಿ ಮಾಡಿಕೊಳ್ಳುತ್ತದೆ.
ನಾಲ್ಕು ಸೆಕೆಂಡು.

ನಾನೇ ಶೂಟ್ ಮಾಡಿದ್ದು. ನಾನೂ ಅಂದು ಕಂಡಿರಲಿಲ್ಲ.

ಯಾರೂ ಏನೂ ಅನ್ನಲಿಲ್ಲ.
"ಇನ್ನೊಮ್ಮೆ ಹಾಕಿ," ಅಂದದ್ದು ಎಮಿಲ್ಡಾ.

ಉಳಿದದ್ದು ಕಾಪಿಯಾಗಲು ಸಂಜೆಯಾಯಿತು.
ಕಿಟಕಿಯಾಚೆ ಧಕ್ಕೆಯಲ್ಲಿ ಒಂದು ಮಂಜಿ,
ನೀರುಳ್ಳಿ, ಜಲ್ಲಿ, ಎರಡು ಆಡು ಹೇರಿಕೊಂಡು
ಲಕ್ಷದ್ವೀಪಕ್ಕೆ ಹೊರಡುವುದಿತ್ತು.
ದೊಡ್ಡ ಹಡಗುಗಳು ಪಣಂಬೂರಿಗೆ ಹೋಗಿ ಕಾಲವಾಯಿತು.
ಇಲ್ಲಿ ಅಳಿವೆಯ ಹೂಳು.
ಮಂಜಿಯವರಿಗೆ ಭರತದ ಹೊತ್ತು ಗೊತ್ತು, ಕಾಯುತ್ತಾರೆ.
ದ್ವೀಪಕ್ಕೆ ಹೋಗುವವರೆಗೆ ಆಡಿಗೆ
ತಿನ್ನಲು ಎಂತ ಕೊಡುತ್ತಾರೋ, ಕೇಳಬೇಕೆಂದುಕೊಂಡೆ,
ಕೇಳಲಿಲ್ಲ.

ಈಗ ಅಂಗಡಿಯಲ್ಲಿ ಬೆರಳಿಟ್ಟೆ ನಡುವಿನದ್ದರ ಮೇಲೆ:
ಡ್ರೈವಿನ ಕಡೆಗೆ ಮುನಿಸಿಲ್ಲದ ಆ ಬಾಯಿ,
ಇನ್ನೊಂದು ತುದಿಗೆ ಎಲ್ಲರ ಮನೆಯಲ್ಲಿರುವ
ಹಳೆ ಚಪ್ಪಟೆ ಮೂತಿ.
ಡೈರಿಯಲ್ಲಿ ಬರೆದೆ, ಐದು ವರ್ಷಕ್ಕೊಮ್ಮೆ ದಾಟಿಸು.

"ವಯರು ಎರಡಾ?" ಬಿಲ್ಲು ಬರೆಯುತ್ತ ಉನೈಸ್.
ಎರಡು. ಒಂದು ಡ್ರೈವಿಗೇ ಕಟ್ಟಿ ಇಡಲಿಕ್ಕೆ.
"ದಂಡ ಮೇಡಂ. ಇದು ಯಾವಾಗ್ಲೂ ಸಿಗ್ತದೆ."
ಹಾಗೇ ಅಂದಿದ್ರು ಮಾರಾಯ, ಅವತ್ತು ಕೂಡ.