ಹಿಕ್ಕೆ ಲೆಕ್ಕ

ಜಿಂಕೆಯನ್ನು ಯಾರೂ ಎಣಿಸುವುದಿಲ್ಲ ಇಲ್ಲಿ.
ಅದು ನಿಲ್ಲುವುದಿಲ್ಲವಲ್ಲ.
ಬಿಟ್ಟು ಹೋದದ್ದನ್ನು ಎಣಿಸುತ್ತೇವೆ,
ಫೆಬ್ರವರಿಯ ಕೊನೆಯ ಶನಿವಾರ,
ಜರಿಗಿಡ ಒಣಗಿ ಮಲಗಿ
ಹೊಸ ಹುಲ್ಲು ಇನ್ನೂ ಏಳದ ವಾರದಲ್ಲಿ.

ಹಗ್ಗದ ಆ ತುದಿ ಇಷ್‌ಬೆಲ್ ಕೈಯಲ್ಲಿ, ಈ ತುದಿ ನನ್ನಲ್ಲಿ.
ಮೂವತ್ತು ವರ್ಷ ಪರ್ತ್ ದಾರಿಯ ಬಸ್ಸು ಓಡಿಸಿದವಳು;
ಈಗಲೂ ಪೊದೆ ಎದುರಾದರೆ
ಬಲಗಾಲು ಬ್ರೇಕು ಹುಡುಕುತ್ತದೆ.
ಬರ್ಚ್ ಮರಗಳ ನಡುವೆ ನೂರು ಮೀಟರ್ ಉದ್ದ, ಒಂದು ಮೀಟರ್ ಅಗಲ,
ಇಬ್ಬರೂ ಬಗ್ಗಿ ನಡೆದೆವು
ಬಿದ್ದುಹೋದ ಓಲೆ ಹುಡುಕುವವರ ಹಾಗೆ.

ಡೂಗಲ್ಡ್ ಹೇಳಿಕೊಟ್ಟದ್ದು:
ಆರು ಕಾಳಿದ್ದರೆ ಒಂದು ಗುಂಪು, ಒಂದು ಗೆರೆ.
ಐದಿದ್ದರೆ ಮುಂದೆ ನಡೆಯಿರಿ.
ಐದು, ಆಟಕ್ಕುಂಟು ಲೆಕ್ಕಕ್ಕಿಲ್ಲ.
ಮೊಲದ್ದು ದುಂಡಗೆ, ಒಣಹುಲ್ಲಿನ ಬಣ್ಣ;
ಜಿಂಕೆಯದು ಕಪ್ಪು, ಒಂದು ತುದಿ ಚೂಪು,
ಹೊಸದಾದರೆ ಹುರಿದ ಕಾಫಿ ಬೀಜದ ಹೊಳಪು.
ಎಲೆ ಇದ್ದರೆ ಎತ್ತಿ ನೋಡಿ.

ಗೆರೆಗಳು ಕೂಡಿ ಸಂಖ್ಯೆಯಾಗುತ್ತವೆ.
ಸಂಖ್ಯೆ ಕಚೇರಿಗೆ ಹೋಗಿ
ನವೆಂಬರಿನಲ್ಲಿ ಬಂದೂಕಾಗಿ ಮರಳುತ್ತದೆ.
ಯಾರೂ ಗುಟ್ಟು ಮಾಡಿಲ್ಲ.
ಸಭೆಯಲ್ಲಿ, ಚಹಾ ಬಿಸ್ಕತ್ತಿನ ಜೊತೆಗೇ ಹೇಳಿದರು.

ಏಳನೇ ಸಾಲು, ತೊರೆಯ ಬದಿ.
ಒಂದು, ಎರಡು, ಮೂರು, ನಾಲ್ಕು, ಐದು.
ಪಕ್ಕದಲ್ಲೊಂದು ಎಲೆ, ಬೋರಲು ಬಿದ್ದದ್ದು.
"ಎಷ್ಟು?" ಅಂದಳು ಇಷ್‌ಬೆಲ್ ಆ ತುದಿಯಿಂದ.
ಎಲೆಯ ಆಚೆ, ಹೋದ ಚಳಿಗಾಲ ನಾನೇ ನೆಟ್ಟ ರೋವನ್ ಸಸಿ.
ಮೊಣಕಾಲೆತ್ತರ. ತುದಿ ಇಲ್ಲ.
ಕತ್ತರಿಸಿದ್ದಲ್ಲ, ಮೇಲೆ ಮುಂಬಲ್ಲಿಲ್ಲದ ಬಾಯಿ
ಜಗ್ಗಿ ಹರಿದದ್ದು, ನಾರು ಬಿಟ್ಟು.
ಮೂರು ಸಲ ಚಿಗುರಿತು, ಮೂರು ಸಲ ಊಟವಾಯಿತು.

ಒಂದು ಎಲೆ ಎತ್ತುವುದಕ್ಕೆ ಎಷ್ಟು ಬಲ ಬೇಕು?
ಗಾಳಿಯೇ ಮಾಡಬಹುದಾದ ಕೆಲಸ.
ಗಾಳಿ ಇರಲಿಲ್ಲ.

ಎತ್ತಿದೆ. ಅಡಿಯಲ್ಲಿ ಎರಡು.
"ಏಳು" ಅಂದೆ. ನನ್ನ ದನಿ ಅಗತ್ಯಕ್ಕಿಂತ ಜೋರಿತ್ತು.
ಒದ್ದೆ ಹಾಳೆಯ ಮೇಲೆ ಪೆನ್ಸಿಲ್ ಓಡಲಿಲ್ಲ;
ಅವಳು ಮೊನೆಯನ್ನು ನಾಲಿಗೆಗೆ ತಾಕಿಸಿ
ಮತ್ತೆ ಎಳೆದಳು ಗೆರೆ.

ಆಗ ತೊರೆಯಾಚೆ ಬೊಗಳಿತು.
ನಾಯಿಯಲ್ಲ. ರೋ ಜಿಂಕೆ ಬೊಗಳುತ್ತದೆ,
ಹೊಸಬರು ನಾಯಿ ಅಂದುಕೊಳ್ಳುತ್ತಾರೆ.
ಕಂದು ಕೊಂಬೆಗಳ ನಡುವೆ ಬಿಳಿಯ ಹಿಂಬದಿ,
ಇತ್ತು, ಹೋಯಿತು.
ಇಷ್‌ಬೆಲ್ ಬಲಗಾಲು ನೆಲಕ್ಕೆ ಒತ್ತಿ ನಿಂತಿದ್ದಳು.
ನಮ್ಮ ನಡುವೆ ಹಗ್ಗ ಬಿಗಿದಿತ್ತು.

ಎಂಟನೇ ಸಾಲಿನ ಗೂಟ
ನನ್ನ ಜೇಬಿನಲ್ಲೇ ಇತ್ತು.